ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು ಭಾರದ ವ್ಯಾಯಾಮ ಮಾಡಬಹುದೇ?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನಗೆ 67 ವರ್ಷ ವಯಸ್ಸು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಹದಿನಾಲ್ಕು ತಿಂಗಳ ಹಿಂದೆ ಸೊಂಟನೋವೆಂದು ಆಸ್ಪತ್ರೆಗೆ ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ಅಷ್ಟರಲ್ಲಿ ಅದು ಬಲಗಡೆಯ ಪೆಲ್ವಿಸ್ (ಸೊಂಟದ) ಮೂಳೆಗೆ, ಬೆನ್ನುಮೂಳೆಯ ಕೆಳಭಾಗದ ಎಲ್-3 ಎಂಬ ಮಣಿಗೆ ಮತ್ತು ಎಡಭಾಗದ ಎರಡು ಪಕ್ಕೆಲುಬುಗಳಿಗೆ ಹರಡಿತ್ತು. ಮೂರು ತಿಂಗಳಿಗೊಮ್ಮೆ ಗಂಡಸರ ಹಾರ್ಮೋನು ಇಳಿಸುವ ಲ್ಯುಪ್ರೊಲೈಡ್ ಚುಚ್ಚುಮದ್ದು, ದಿನವೂ ಅದೇ ಉದ್ದೇಶದ ಅಬಿರಾಟೆರೋನ್ ಮತ್ತು ಅದರ ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿವೆ. ರಕ್ತಪರೀಕ್ಷೆಯಲ್ಲಿ ಈ ರೋಗದ ಏರಿಳಿತ ತೋರಿಸುವ ಪಿಎಸ್‌ಎ 186 ಇದ್ದದ್ದು ಈಗ 0.6ಕ್ಕೆ ಇಳಿದಿದೆ, ನೋವೂ ಬಹುಪಾಲು ಹೋಗಿದೆ. ಆ ಔಷಧಗಳಿಗೆ ನಾನು ಋಣಿ.

ನನ್ನ ಪ್ರಶ್ನೆ ಬೇರೆಯದು. ಕಳೆದ ತಿಂಗಳು ತಮ್ಮನ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಯ ಊಟಕ್ಕೆ ಎಲ್ಲರ ಜೊತೆ ನೆಲದ ಮೇಲೆ ಕುಳಿತೆ. ಊಟವಾಗಿ ಎಲ್ಲರೂ ಎದ್ದರು, ನನಗೆ ಏಳಲಾಗಲಿಲ್ಲ. ಕೈಯೂರಿ ನೋಡಿದೆ, ಮಗ್ಗುಲಾಗಿ ನೋಡಿದೆ, ತೊಡೆಯಲ್ಲಿ ಬಲವೇ ಇರಲಿಲ್ಲ. ಎಂಜಲು ಕೈಯಲ್ಲೇ ಕುಳಿತಿದ್ದ ನನ್ನನ್ನು ತಮ್ಮನ ಮಗ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ. ಎರಡು ವರ್ಷದ ಹಿಂದೆ ಅಡಿಕೆ ಮೂಟೆಗೆ ಹೆಗಲು ಕೊಡುತ್ತಿದ್ದವನು ನಾನು. ಹೊಟ್ಟೆ ಮುಂದೆ ಬಂದಿದೆ, ತೋಳು ಮತ್ತು ತೊಡೆ ಸಣ್ಣಗಾಗಿವೆ, ಮಧ್ಯಾಹ್ನದ ಹೊತ್ತಿಗೆ ಬರುವ ಆಯಾಸ ಮಲಗಿದರೂ ಹೋಗುವುದಿಲ್ಲ.

ಮನೆಯಲ್ಲಿ ಒಂದು ಬಿಂದಿಗೆ ನೀರನ್ನೂ ಎತ್ತಲು ಬಿಡುವುದಿಲ್ಲ. ಮೂಳೆ ಮುರಿದೀತೆಂಬ ಭಯ. ಆಸ್ಪತ್ರೆಯಲ್ಲಿ ಕೇಳಿದಾಗ "ಸ್ವಲ್ಪ ವಾಕಿಂಗ್ ಮಾಡಿ, ಸಾಕು" ಎಂಬ ಒಂದೇ ಮಾತು ಸಿಕ್ಕಿತು. ವ್ಯಾಯಾಮದಿಂದ ಕಳೆದುಹೋದ ಬಲ ಮರಳಿ ಬರುತ್ತದೆಯೇ? ಮೂಳೆಗೆ ಹರಡಿರುವಾಗ ಅದು ಸುರಕ್ಷಿತವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ತುಮಕೂರಿನ ನಡಿಗೆದಾರ

ಮೇಷ್ಟ್ರೇ, ನಾನು ಆರು ವರ್ಷದಿಂದ ಇದೇ ಚುಚ್ಚುಮದ್ದಿನಲ್ಲಿದ್ದೇನೆ. ನೀವು ಬರೆದ ಪಂಕ್ತಿಯ ಘಟನೆಯನ್ನು ಓದಿ ನನ್ನ ಮನಸ್ಸು ಹಿಂದಕ್ಕೆ ಹೋಯಿತು. ನನಗೆ ಇದೇ ಆದದ್ದು ಬಸ್ಸಿನ ಮೆಟ್ಟಿಲಿನಲ್ಲಿ.

ಮೊದಲ ಎರಡು ವರ್ಷ ನಾನೂ ನಡಿಗೆಯನ್ನೇ ನಂಬಿದ್ದೆ. ಬೆಳಿಗ್ಗೆ ಐದು ಕಿಲೋಮೀಟರ್ ತಪ್ಪದೆ ನಡೆಯುತ್ತಿದ್ದೆ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿದ್ದವು, ನಿದ್ದೆ ಚೆನ್ನಾಗಿ ಬರುತ್ತಿತ್ತು, ಮನಸ್ಸೂ ಹಗುರವಾಗಿತ್ತು. ಆದರೆ ತೊಡೆ ಸಣ್ಣಗಾಗುವುದು ನಿಲ್ಲಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಎಷ್ಟು ದೂರ ನಡೆದರೂ ಸ್ನಾಯುವಿಗೆ ಹೊಸ ಭಾರವೇನೂ ಬೀಳುವುದಿಲ್ಲ ಎಂಬುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಮೂರನೆಯ ವರ್ಷ ಮಗನ ಒತ್ತಾಯಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ಕುರ್ಚಿಯಿಂದ ಕೈ ಊರದೆ ಏಳುವುದು, ಕಾಲಿಗೆ ಮರಳುಚೀಲ ಕಟ್ಟಿ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಇವನ್ನು ವಾರಕ್ಕೆ ಮೂರು ದಿನ ಆರಂಭಿಸಿದೆ. ಎರಡನೆಯ ತಿಂಗಳಿನಲ್ಲಿ ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ನಡಿಗೆಯನ್ನು ಬಿಡಬೇಡಿ, ಆದರೆ ಅದೊಂದೇ ಸಾಲದು.

ಒಂದು ವ್ಯತ್ಯಾಸವನ್ನು ಮುಚ್ಚಿಡದೆ ಹೇಳುತ್ತೇನೆ. ನನ್ನ ರೋಗ ಹರಡಿರುವುದು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಮೂಳೆಗಲ್ಲ. ಆದ್ದರಿಂದ ನಾನು ಮಾಡಿದ್ದನ್ನೇ ನೀವು ಮಾಡಿ ಎನ್ನಲು ನನಗೆ ಅಧಿಕಾರವಿಲ್ಲ.

ಫಿಸಿಯೋ, ಮೈಸೂರು

ಮೇಷ್ಟ್ರಿಗೆ ನಮಸ್ಕಾರ. ನಾನು ಹತ್ತೊಂಬತ್ತು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಎಂಟು ವರ್ಷ ಕ್ಯಾನ್ಸರ್ ರೋಗಿಗಳೊಂದಿಗೆ. ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು, ಬಲ ಹೋದದ್ದು ಏಕೆ ಎಂಬುದು. ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ಆಶ್ರಯಿಸಿ ಬೆಳೆಯುತ್ತದೆ ಎಂಬುದನ್ನು ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಾಗಲಿ, ನಿಮ್ಮ ಮೂರು ತಿಂಗಳ ಚುಚ್ಚುಮದ್ದಾಗಲಿ ಮಾಡುವ ಕೆಲಸ ಒಂದೇ, ಆ ಹಾರ್ಮೋನನ್ನು ತಳಮಟ್ಟಕ್ಕೆ ಇಳಿಸುವುದು. ಇದನ್ನೇ ಹಾರ್ಮೋನ್ ಚಿಕಿತ್ಸೆ ಎನ್ನುತ್ತೇವೆ. ಆದರೆ ಗಂಡಸಿನ ಸ್ನಾಯು ಮತ್ತು ಮೂಳೆಯ ಗಟ್ಟಿತನಕ್ಕೂ ಅದೇ ಹಾರ್ಮೋನು ಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲ್ಯುಪ್ರೊಲೈಡ್ ಪಡೆದವರ ದೇಹದ ಕೊಬ್ಬು 48 ವಾರಗಳಲ್ಲಿ ಸರಾಸರಿ ಶೇಕಡಾ 9.4ರಷ್ಟು ಏರಿತ್ತು, ಕೊಬ್ಬಿಲ್ಲದ ಅಂಗಾಂಶ ಶೇಕಡಾ 2.7ರಷ್ಟು ಇಳಿದಿತ್ತು. ಹೊಟ್ಟೆ ಬಂದು ತೊಡೆ ಹೋದದ್ದು ನಿಮ್ಮ ಆಲಸ್ಯದಿಂದಲ್ಲ ಎಂಬುದನ್ನು ಮನೆಯವರಿಗೂ ತಿಳಿಸಿ. ಪ್ರೆಡ್ನಿಸೋಲೋನ್ ಕೂಡ ದೀರ್ಘಕಾಲ ತೆಗೆದುಕೊಂಡಾಗ ಸ್ನಾಯು ಮತ್ತು ಮೂಳೆಯನ್ನು ಸ್ವಲ್ಪ ಸವೆಸುತ್ತದೆ. ಹಾಗೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ, ಅಬಿರಾಟೆರೋನ್ ಜೊತೆಗೆ ಅದು ಬೇಕೇ ಬೇಕು.

ಎರಡನೆಯದು, ಟೆಸ್ಟೋಸ್ಟೆರಾನ್ ಇಲ್ಲದೆ ಸ್ನಾಯು ಬಲಗೊಳ್ಳುತ್ತದೆಯೇ ಎಂಬುದು. ಬಲಗೊಳ್ಳುತ್ತದೆ. ಸ್ನಾಯುವಿನ ಎಳೆಗಳಿಗೆ ಭಾರ ತಾಗಿದಾಗ ಅವು ಪ್ರೋಟೀನು ಕಟ್ಟಿಕೊಳ್ಳಲು ಹಾರ್ಮೋನಿನ ದಾರಿಯೊಂದನ್ನೇ ಕಾಯುವುದಿಲ್ಲ. ಜೊತೆಗೆ ಇರುವ ಎಳೆಗಳನ್ನೇ ಹೆಚ್ಚು ಚೆನ್ನಾಗಿ ಬಳಸಲು ನರಗಳು ಕಲಿಯುತ್ತವೆ. ಮೊದಲ ನಾಲ್ಕಾರು ವಾರಗಳಲ್ಲಿ ಕಾಣುವ ಸುಧಾರಣೆ ಬಹುಪಾಲು ಈ ನರಗಳ ಕಲಿಕೆಯದು, ಆದ್ದರಿಂದ ತೊಡೆಯ ಸುತ್ತಳತೆ ಹೆಚ್ಚಲಿಲ್ಲವೆಂದು ನಿರಾಶರಾಗಬಾರದು.

ಮೂರನೆಯದು ಮತ್ತು ಮುಖ್ಯವಾದದ್ದು ಮೂಳೆ. ನಿಮ್ಮ ವಿಷಯದಲ್ಲಿ "ಮಾಡಬಹುದೇ" ಎಂಬುದಕ್ಕಿಂತ "ಯಾವ ಮೂಳೆಗೆ ಎಷ್ಟು ಹೊರೆ ತಾಗಬಹುದು" ಎಂದು ಕೇಳುವುದು ಸರಿ. ಹಾಗಾಗಿ ಯಾವ ವ್ಯಾಯಾಮಕ್ಕೂ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರಿಂದ ನಾಲ್ಕು ವಿಷಯ ತಿಳಿದುಕೊಳ್ಳಿ. ಪೆಲ್ವಿಸ್‌ನಲ್ಲಿರುವ ಗಡ್ಡೆ ಮೇಲಿನ ಅಗಲ ಮೂಳೆಯಲ್ಲಿದೆಯೋ ಅಥವಾ ತೊಡೆಮೂಳೆ ಕೂರುವ ಕೀಲಿನ ಬಟ್ಟಲಿನಲ್ಲಿದೆಯೋ? ತೊಡೆಮೂಳೆಯ ಕತ್ತಿನಲ್ಲಿ ಏನಾದರೂ ಇದೆಯೇ? ಎಲ್-3 ಮಣಿ ಕುಸಿದಿದೆಯೇ, ಅದರ ಎತ್ತರ ಹಾಗೇ ಇದೆಯೇ, ಬೆನ್ನುಹುರಿಯ ಕಾಲುವೆಯತ್ತ ಏನಾದರೂ ಚಾಚಿದೆಯೇ? ಗಡ್ಡೆಗಳು ಮೂಳೆಯನ್ನು ಕೊರೆದಂಥವೋ, ಗಟ್ಟಿ ಕಟ್ಟಿದಂಥವೋ? ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಎರಡನೆಯ ಬಗೆಯವು ಕಾಣುತ್ತವೆ. ಅವು ಎಕ್ಸ್-ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಂಡರೂ ಆರೋಗ್ಯವಂತ ಮೂಳೆಯಷ್ಟು ಭದ್ರವಲ್ಲ.

ಉತ್ತರಗಳನ್ನು ಇಲ್ಲಿ ಬರೆದರೆ ಮುಂದಿನ ಹೆಜ್ಜೆಯ ಬಗ್ಗೆ ಮಾತಾಡಬಹುದು. ಅದಕ್ಕೆ ಮೊದಲು ಯಾವ ಭಾರವನ್ನೂ ಎತ್ತಬೇಡಿ.

ಧಾರವಾಡದ ಮಗಳು

ಮೇಡಂ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರ ವಯಸ್ಸು 72, ಕಾಯಿಲೆ ಮೂಳೆಗೆ ಹರಡಿದೆ. ಅವರು ಎತ್ತಿದ ಸಂಶಯ ಇದು: ಭಾರ ಎತ್ತಿದರೆ ಗಂಡಸರ ಹಾರ್ಮೋನು ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಇಷ್ಟು ದುಡ್ಡು ಕೊಟ್ಟು ಚುಚ್ಚುಮದ್ದಿನಿಂದ ಇಳಿಸಿದ್ದನ್ನು ನಾವೇ ಕೈಯಾರೆ ಏರಿಸಿ ರೋಗಕ್ಕೆ ಅನ್ನ ಹಾಕಿದಂತಾಗುವುದಿಲ್ಲವೇ? ಈ ಒಂದು ಭಯಕ್ಕೇ ಅವರು ವ್ಯಾಯಾಮದ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ಪರ್ತ್ ಕನ್ನಡಿಗ

ಧಾರವಾಡದ ಅಕ್ಕನವರ ಪ್ರಶ್ನೆಗೆ ನಾನು ಉತ್ತರಿಸಬಹುದೆಂದುಕೊಂಡಿದ್ದೇನೆ. ನಾನು ಮೂಲತಃ ಹಾಸನದ ಕಡೆಯವನು. ಹದಿನೈದು ವರ್ಷದಿಂದ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇನೆ. ನನ್ನ ಮಾವನವರಿಗೆ ಇದೇ ಕಾಯಿಲೆ. ಈ ಊರಿನ ಎಡಿತ್ ಕೋವನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಗಾಲ್ವಾವ್, ರಾಬರ್ಟ್ ನ್ಯೂಟನ್ ಮತ್ತು ಅವರ ಸಂಗಡಿಗರು ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ವ್ಯಾಯಾಮವನ್ನೇ ಮುಖ್ಯ ವಿಷಯವಾಗಿ ಹಿಡಿದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೆಸುತ್ತಿದ್ದಾರೆ. ಮಾವನವರ ಸಲುವಾಗಿ ಅವರ ಲೇಖನಗಳನ್ನು ಓದುವುದು ನನಗೆ ಅಭ್ಯಾಸವಾಗಿದೆ.

ಹಾರ್ಮೋನಿನ ಭಯದ ಬಗ್ಗೆ ಹೇಳುವುದಾದರೆ, ಅವರು 2006ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಹಾರ್ಮೋನ್ ಚಿಕಿತ್ಸೆಯಲ್ಲಿದ್ದ ಹತ್ತು ಜನ 20 ವಾರ ಭಾರದ ವ್ಯಾಯಾಮ ಮಾಡಿದರು. ಸ್ನಾಯುಬಲ ಚೆನ್ನಾಗಿ ಏರಿತು. ಟೆಸ್ಟೋಸ್ಟೆರಾನ್ ಆಗಲಿ ಪಿಎಸ್‌ಎ ಆಗಲಿ ಬದಲಾಗಲಿಲ್ಲ. ಚುಚ್ಚುಮದ್ದು ಮೆದುಳಿನಿಂದ ವೃಷಣಕ್ಕೆ ಹೋಗುವ ಸಂದೇಶವನ್ನೇ ನಿಲ್ಲಿಸಿರುತ್ತದೆ. ಡಂಬೆಲ್ ಎತ್ತಿದ ಮಾತ್ರಕ್ಕೆ ಆ ಸಂದೇಶ ಮತ್ತೆ ಹೊರಡುವುದಿಲ್ಲ. ನಿಮ್ಮ ತಂದೆಯವರಿಗೆ ಇದನ್ನು ಧೈರ್ಯವಾಗಿ ಹೇಳಿ.

ಇದಕ್ಕೂ ಮುಂಚೆ 2003ರಲ್ಲಿ ಕೆನಡಾದಲ್ಲಿ ಸೀಗಲ್ ಮತ್ತು ಸಂಗಡಿಗರು ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 155 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನದಂತೆ 12 ವಾರ ಭಾರದ ವ್ಯಾಯಾಮ ಮಾಡಿಸಿದರು. ವ್ಯಾಯಾಮ ಮಾಡಿದವರಲ್ಲಿ ಆಯಾಸ ಕಡಿಮೆಯಾಯಿತು, ದಿನನಿತ್ಯದ ಬದುಕು ಸುಧಾರಿಸಿತು. ನನಗೆ ಮನಮುಟ್ಟಿದ ಅಂಶವೆಂದರೆ, ರೋಗ ಗುಣವಾಗುವ ನಿರೀಕ್ಷೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರಿಗೂ, ಗುಣವಾಗದ ಹಂತದಲ್ಲಿ ಹತೋಟಿಗಾಗಿ ಪಡೆಯುತ್ತಿದ್ದವರಿಗೂ ಪ್ರಯೋಜನವಾಯಿತು. ಕಾಯಿಲೆ ಮುಂದುವರಿದಿದೆ ಎಂಬ ಕಾರಣಕ್ಕೆ ವ್ಯಾಯಾಮವನ್ನು ಕೈಬಿಡಬೇಕಾಗಿಲ್ಲ ಎಂಬುದು ಅಂದೇ ಗೊತ್ತಾಗಿತ್ತು.

ಮೂಳೆಗೆ ಹರಡಿದವರ ಬಗ್ಗೆಯೇ ಪರ್ತ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 57 ಜನರಿದ್ದರು, ಅವರಲ್ಲಿ ಸುಮಾರು ಅರ್ಧದಷ್ಟು ಜನ ವ್ಯಾಯಾಮದ ಗುಂಪಿನವರು. ಗಡ್ಡೆ ಎಲ್ಲಿದೆಯೋ ಆ ಜಾಗಕ್ಕೆ ಹೊರೆ ತಾಗದಂತೆ ಒಬ್ಬೊಬ್ಬರಿಗೂ ಬೇರೆ ಬೇರೆ ವ್ಯಾಯಾಮವನ್ನು ಹೊಂದಿಸಿ ಮೂರು ತಿಂಗಳು ಮಾಡಿಸಿದರು. ದೈನಂದಿನ ಕೆಲಸ ಮಾಡುವ ಶಕ್ತಿ ಸುಧಾರಿಸಿತು, ಕಾಲಿನ ಬಲ ಹೆಚ್ಚಿತು. ವ್ಯಾಯಾಮದಿಂದ ಮೂಳೆ ಮುರಿದ ಪ್ರಕರಣ ಒಂದೂ ಇರಲಿಲ್ಲ, ಮೂಳೆನೋವೂ ಹೆಚ್ಚಲಿಲ್ಲ. ಆದರೆ ಅವರೆಲ್ಲ ತರಬೇತಿ ಪಡೆದವರ ಕಣ್ಣೆದುರಿನಲ್ಲೇ ಮಾಡಿದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ವ್ಯಾಯಾಮದಿಂದ ಆಯುಷ್ಯ ಹೆಚ್ಚುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸುದ್ದಿಗಳಿಗೆ 2025ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಆಧಾರ. ಅದು 889 ಜನರನ್ನು ಒಳಗೊಂಡಿತ್ತು, ಫಲಿತಾಂಶವೂ ನಿಜಕ್ಕೂ ಆಶಾದಾಯಕ. ಆದರೆ ಅದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದವರ ಕುರಿತದ್ದು. ಅದನ್ನು ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನೇರವಾಗಿ ಅನ್ವಯಿಸಲಾಗದು. ನಮ್ಮ ಮಾವನವರಿಗೂ ನಾನು ಆಯುಷ್ಯದ ಮಾತು ಕೊಟ್ಟಿಲ್ಲ. ಅವರೇ ಎದ್ದು ಸ್ನಾನಕ್ಕೆ ಹೋಗುವ ದಿನಗಳು ಹೆಚ್ಚಲಿ ಎಂಬುದಷ್ಟೇ ನಮ್ಮ ಆಸೆ, ಅದು ಕಣ್ಣೆದುರು ಈಡೇರುತ್ತಿದೆ.

ಧಾರವಾಡದ ಮಗಳು

ತುಂಬಾ ಉಪಕಾರವಾಯಿತು. ಸಂಜೆ ಅಪ್ಪನಿಗೆ ಓದಿ ಹೇಳಿದಾಗ "ಹತ್ತು ಮಂದಿ ಸಣ್ಣ ಲೆಕ್ಕ" ಎಂದರು, ಆದರೆ ಎದ್ದು ಹೋಗಲಿಲ್ಲ. ಮುಂದಿನ ವಾರ ಇಲ್ಲಿಯೇ ಒಬ್ಬರು ಫಿಸಿಯೋಥೆರಪಿಸ್ಟ್ ಬಳಿಗೆ ಹೋಗಲು ಒಪ್ಪಿದ್ದಾರೆ.

ಉಡುಪಿಯ ಯೋಗಾಭ್ಯಾಸಿ

ಚರ್ಚೆ ಉಪಯುಕ್ತವಾಗಿದೆ. ಆದರೆ ನಮ್ಮಲ್ಲಿ ಯೋಗ ಇರುವಾಗ ಜಿಮ್ಮಿನ ಉಪಕರಣಗಳೇಕೆ? ಸೂರ್ಯನಮಸ್ಕಾರ, ಪಶ್ಚಿಮೋತ್ತಾನಾಸನ, ಅರ್ಧಮತ್ಸ್ಯೇಂದ್ರಾಸನ ಇವನ್ನು ನಿಧಾನವಾಗಿ ಮಾಡಿದರೆ ಬೆನ್ನು ಗಟ್ಟಿಯಾಗುತ್ತದೆ, ಹಣದ ಖರ್ಚೂ ಇಲ್ಲ. ನಾನು ಮೂವತ್ತು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ.

ಫಿಸಿಯೋ, ಮೈಸೂರು

ಸರ್, ನಿಮ್ಮ ಅಭ್ಯಾಸದ ಬಗ್ಗೆ ನನಗೆ ಗೌರವವಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನೂ ಯೋಗ ಮಾಡುವವಳೇ. ಆದರೂ ಇಲ್ಲಿ ನಾನು ಗಟ್ಟಿಯಾಗಿ ಬೇಡ ಎನ್ನಲೇಬೇಕಾಗಿದೆ. ನೀವು ಹೇಳಿದ ಮೂರರಲ್ಲಿ ಎರಡು ಬೆನ್ನನ್ನು ಪೂರ್ತಿ ಮುಂದಕ್ಕೆ ಬಗ್ಗಿಸುವಂಥವು, ಮೂರನೆಯದು ತಿರುಚುವಂಥದು. ಮುಂದಕ್ಕೆ ಬಗ್ಗಿದಾಗ ಬೆನ್ನುಮೂಳೆಯ ಮಣಿಗಳ ಮುಂಭಾಗದ ಮೇಲೆ ಒತ್ತಡ ಬೀಳುತ್ತದೆ. ಗಡ್ಡೆಯಿಂದ ದುರ್ಬಲವಾದ ಮಣಿ ಅಲ್ಲಿಯೇ ಕುಸಿಯುವುದು. ಮುಂದಕ್ಕೆ ಬಗ್ಗಿ ತಿರುಗುವುದು ಇನ್ನೂ ಅಪಾಯಕಾರಿ. ನೆಲದ ಮೇಲಿನ ಬಕೆಟ್ಟನ್ನು ಬಗ್ಗಿ ಎತ್ತಿ ಪಕ್ಕಕ್ಕೆ ಇಡುವುದೂ ಇದೇ ಚಲನೆ. ಬೆನ್ನುಮೂಳೆಗೆ ಹರಡಿರುವವರಿಗೆ ಇವು ಸಲ್ಲವು.

ಪ್ರಾಣಾಯಾಮ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ತಾಡಾಸನ, ಶವಾಸನ ಇವುಗಳಿಗೆ ಅಡ್ಡಿಯಿಲ್ಲ. ಈ ಚಿಕಿತ್ಸೆಯ ಅಡ್ಡಪರಿಣಾಮವಾಗಿ ಬಿಸಿಯ ಅಲೆ ಬಂದು ಮೈ ಬೆವತು ಎಚ್ಚರವಾಗುವ ರಾತ್ರಿಗಳಲ್ಲಿ ನಿಧಾನ ಉಸಿರಾಟ ಎಷ್ಟೋ ಜನರಿಗೆ ನೆರವಾದದ್ದನ್ನು ಕಂಡಿದ್ದೇನೆ. ಆದರೆ ಅದು ತೊಡೆಯ ಬಲವನ್ನು ತಂದುಕೊಡುವುದಿಲ್ಲ. ಜಿಮ್ಮಂತೂ ಯಾರಿಗೂ ಕಡ್ಡಾಯವಲ್ಲ. ಒಂದು ಗಟ್ಟಿಮುಟ್ಟಾದ ಕುರ್ಚಿ, ಒಂದು ಎಲಾಸ್ಟಿಕ್ ಪಟ್ಟಿ, ಕಾಲಿಗೆ ಕಟ್ಟಲು ಅರ್ಧ ಕಿಲೋ, ಒಂದು ಕಿಲೋ ತೂಕದ ಮರಳುಚೀಲಗಳು ಇದ್ದರೆ ಸಾಕು. ಚೀಲವನ್ನು ಹಳೆಯ ಪ್ಯಾಂಟಿನ ಕಾಲಿನಿಂದ ಮನೆಯಲ್ಲೇ ಹೊಲಿಯಬಹುದು.

ಬಳ್ಳಾರಿ

ನಾನು ಇಲ್ಲಿ ಬರೆಯಲು ಕಾರಣ ಒಂದೇ. ನಮ್ಮ ತಂದೆಯವರಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ಅವರಿಗೂ ಬೆನ್ನುಮೂಳೆಗೆ ಹರಡಿತ್ತು. ಒಂದು ದಿನ ಬೆನ್ನಿನ ನಡುವೆ ಪಟ್ಟಿ ಕಟ್ಟಿದ ಹಾಗೆ ಬಿಗಿಯುವ ನೋವು ಶುರುವಾಯಿತು, ಮಲಗಿದರೆ ಇನ್ನೂ ಹೆಚ್ಚು. ನಾಲ್ಕು ದಿನದ ನಂತರ ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿ ಒಂದು ಚಪ್ಪಲಿ, ಬಾಗಿಲಲ್ಲಿ ಒಂದು. ನಾವು ನಕ್ಕು ತಂದುಕೊಡುತ್ತಿದ್ದೆವು. ತೋರಿಸಿದ ಒಂದು ಕಡೆ "ಕಾಯಿಲೆಯ ನಿಶ್ಶಕ್ತಿ, ಟಾನಿಕ್ ಕೊಡಿ" ಎಂದರು. ಹತ್ತನೆಯ ದಿನ ಮೂತ್ರ ಕಟ್ಟಿತು, ಎರಡೂ ಕಾಲುಗಳ ಬಲ ಹೋಯಿತು. ಎಂಆರ್‌ಐ ಮಾಡಿದಾಗ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿತ್ತು. ರೇಡಿಯೇಷನ್ ಕೊಟ್ಟರೂ ಅವರು ಮತ್ತೆ ನಡೆಯಲಿಲ್ಲ.

ವ್ಯಾಯಾಮ ಮಾಡುವವರಾಗಲಿ ಮಾಡದವರಾಗಲಿ, ಹೊಸ ಬೆನ್ನುನೋವು, ಕಾಲಿನಲ್ಲಿ ಭಾರ ಅಥವಾ ಮರಗಟ್ಟುವಿಕೆ, ಮಲಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಮರುದಿನಕ್ಕೆ ಕಾಯಬೇಡಿ.

ಫಿಸಿಯೋ, ಮೈಸೂರು

ಬಳ್ಳಾರಿಯವರೇ, ಆ ನೋವನ್ನು ಮತ್ತೆ ನೆನೆದು ಬರೆದಿದ್ದೀರಿ. ನಿಮ್ಮ ಬರಹವನ್ನು ನನ್ನ ಬಳಿ ಬರುವ ಮನೆಮಂದಿಗೆಲ್ಲ ಓದಿಸುತ್ತೇನೆ. ಕಾಲಿನ ಬಲ ನಿಧಾನವಾಗಿ ತಿಂಗಳುಗಟ್ಟಲೆ ಕುಗ್ಗುವುದು ಹಾರ್ಮೋನ್ ಚಿಕಿತ್ಸೆಯಿಂದ ಇರಬಹುದು; ದಿನಗಳಲ್ಲಿ ಕುಗ್ಗುವುದು ತುರ್ತುಸ್ಥಿತಿ.

ಸಾಗರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಆಸ್ಪತ್ರೆಗೆ ಹೋದಾಗ ನಾಲ್ಕೂ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಈ ಸಲ ವೈದ್ಯರು ಸ್ಕ್ಯಾನ್ ತೆರೆದು ಇಪ್ಪತ್ತು ನಿಮಿಷ ತೋರಿಸಿದರು. ಪೆಲ್ವಿಸ್‌ನ ಗಡ್ಡೆ ಮೇಲಿನ ಅಗಲ ಮೂಳೆಯಲ್ಲಿದೆ, ಕೀಲಿನ ಬಟ್ಟಲು ಮತ್ತು ತೊಡೆಮೂಳೆ ಚೆನ್ನಾಗಿವೆ. ಎಲ್-3 ಕುಸಿದಿಲ್ಲ, ಬೆನ್ನುಹುರಿಯತ್ತ ಏನೂ ಚಾಚಿಲ್ಲ. ಎಲ್ಲವೂ ಗಟ್ಟಿ ಕಟ್ಟಿದ ಬಗೆಯವು. ಮೂಳೆ ಸವೆಯದಂತೆ ಜೊಲೆಡ್ರಾನಿಕ್ ಆಮ್ಲ ಎಂಬ ಔಷಧದ ಡ್ರಿಪ್ ಕೂಡ ನಡೆಯುತ್ತಿದೆ. ಹೃದಯದ ಇಸಿಜಿ ಸರಿಯಿದೆ, ಹಿಮೋಗ್ಲೋಬಿನ್ 11.2. ತಜ್ಞರ ಕಣ್ಣಳತೆಯಲ್ಲಿ ವ್ಯಾಯಾಮ ಆರಂಭಿಸಬಹುದೆಂದು ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ. ಶಿವಮೊಗ್ಗದಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಒಪ್ಪಿದ್ದಾರೆ; ಆದರೆ ಇಂಥ ರೋಗಿಯನ್ನು ಅವರು ಹಿಂದೆ ನೋಡಿಲ್ಲವೆಂದು ಅವರೇ ಹೇಳಿದರು.

ಫಿಸಿಯೋ, ಮೈಸೂರು

ಗೊತ್ತಿಲ್ಲವೆಂದು ಹೇಳುವ ಫಿಸಿಯೋ ಸಿಕ್ಕಿದ್ದು ನಿಮ್ಮ ಅದೃಷ್ಟ, ಅವರನ್ನು ಬಿಡಬೇಡಿ. ಅವರಿಗೆ ನನ್ನ ಈ ಬರಹವನ್ನು ತೋರಿಸಿ, ಅಂತಿಮ ನಿರ್ಧಾರ ನಿಮ್ಮನ್ನು ಕಣ್ಣಾರೆ ನೋಡುವ ಅವರದ್ದೇ ಆಗಿರಲಿ.

ಮೂಳೆಗೆ ಹರಡಿದವರ ವ್ಯಾಯಾಮದ ಬಗ್ಗೆ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2022ರಲ್ಲಿ ಪ್ರಕಟಿಸಿದ ಸಲಹೆಗಳ ತಿರುಳು, ಅಪಾಯವನ್ನು ಮೊದಲು ಅಳೆಯಿರಿ, ಚಿಕಿತ್ಸೆಯ ತಂಡದೊಂದಿಗೆ ಮಾತಾಡಿ, ಚಲನೆಯ ರೀತಿಯನ್ನು ಸರಿಯಾಗಿ ಕಲಿಸಿ, ಆದರೆ ಭಯದಿಂದ ಪೂರ್ತಿ ನಿಷೇಧಿಸಬೇಡಿ ಎಂಬುದು. ಹಿಂದೆ ಗಡ್ಡೆ ಇರುವ ಭಾಗವನ್ನು ಸಂಪೂರ್ಣ ಬಿಟ್ಟುಬಿಡುತ್ತಿದ್ದೆವು. ಈಗ ಗಡ್ಡೆ ಸ್ಥಿರವಾಗಿದ್ದು ನೋವಿಲ್ಲದಿದ್ದರೆ ಹಗುರವಾದ, ನೇರವಾದ ಹೊರೆಯನ್ನು ಎಚ್ಚರದಿಂದ ಕೊಡುತ್ತೇವೆ.

ನಿಮ್ಮ ವಿಷಯಕ್ಕೆ ಬಂದರೆ, ಎತ್ತರದ ಕುರ್ಚಿಯನ್ನು ಗೋಡೆಗೆ ಒರಗಿಸಿ ಅದರಿಂದ ಎದ್ದು ಕೂರುವುದೇ ನಿಮ್ಮ ಮುಖ್ಯ ವ್ಯಾಯಾಮ. ಮೊದಲ ದಿನ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂತಿರೆಂದು ಬರೆದಿಡಿ. ಗಣಿತದ ಮೇಷ್ಟ್ರಿಗೆ ಲೆಕ್ಕ ಇಡುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಏಳುವಾಗ ಉಸಿರು ಬಿಡಿ, ಕೂರುವಾಗ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ; ಇಳಿಯುವಾಗಲೂ ತೊಡೆ ದುಡಿಯುತ್ತದೆ. ಕುಳಿತೇ ಮೊಣಕಾಲನ್ನು ನೇರ ಮಾಡುವ ವ್ಯಾಯಾಮಕ್ಕೆ ಮರಳುಚೀಲ ಕಟ್ಟಬಹುದು. ಕಿಟಕಿಯ ಸರಳಿಗೆ ಪಟ್ಟಿ ಕಟ್ಟಿ ಎರಡೂ ಕೈಯಿಂದ ಹೊಟ್ಟೆಯತ್ತ ಎಳೆಯಿರಿ. ಎಡ ಪಕ್ಕೆಲುಬಿನಲ್ಲಿ ಚುಚ್ಚಿದರೆ ಅದನ್ನು ಬಿಟ್ಟು ಮೊಣಕೈ ಮಡಿಸುವ ವ್ಯಾಯಾಮವಷ್ಟೇ ಸಾಕು. ತಲೆಯ ಮೇಲೆ ಭಾರ ಎತ್ತುವುದು, ಹೊಟ್ಟೆಗಾಗಿ ಮಲಗಿ ಏಳುವುದು, ಜಿಗಿಯುವುದು ಬೇಡವೇ ಬೇಡ. ಪ್ರತಿಯೊಂದನ್ನೂ 8ರಿಂದ 12 ಸಲ, ಎರಡು ಸುತ್ತು, ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಇಲ್ಲದಿದ್ದರೆ ಹೊರೆ ಸಾಲದು. ಉಳಿದ ದಿನ ಸಮತಟ್ಟಾದ ಕಡೆ ನಡಿಗೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಆ ವೇಗ ಸಾಕು.

ಸ್ನಾಯುನೋವಿಗೂ ಮೂಳೆನೋವಿಗೂ ವ್ಯತ್ಯಾಸವಿದೆ. ಮರುದಿನ ಎರಡೂ ತೊಡೆಯಲ್ಲಿ ಹರಡಿಕೊಂಡಂತೆ ಬರುವ ನೋವು ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ, ರಾತ್ರಿ ಮಲಗಿದಾಗ ಹೆಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಊಟದ ಬಗ್ಗೆ ಒಂದು ಮಾತು. ಸ್ನಾಯು ಕಟ್ಟಲು ಪ್ರೋಟೀನು ಬೇಕು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂಗಿಂತ ಕಡಿಮೆಯಾಗದಿರಲಿ. ಅನ್ನ, ತಿಳಿಸಾರಿನಲ್ಲಿ ಅದು ಸಿಗುವುದಿಲ್ಲ. ಮೊಳಕೆ ಹೆಸರುಕಾಳು, ಕಡಲೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವ ಸಾಧ್ಯತೆ ಇರುವುದರಿಂದ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿದ ಮೇಲೆಯೇ ಹೆಚ್ಚಿಸಿ.

ಹೊಸಪೇಟೆ

ನಮ್ಮ ದೊಡ್ಡಪ್ಪನವರು ಈಗ ಡೊಸಿಟ್ಯಾಕ್ಸೆಲ್ ಕೀಮೋದಲ್ಲಿದ್ದಾರೆ. ಇಂಥ ಹೊತ್ತಿನಲ್ಲಿ ವ್ಯಾಯಾಮದ ಮಾತಾಡುವುದು ಕ್ರೌರ್ಯವಲ್ಲವೇ? ದಣಿದ ಮನುಷ್ಯನಿಗೆ ವಿಶ್ರಾಂತಿ ಕೊಡಿ ಎಂಬುದು ನನ್ನ ಅಭಿಪ್ರಾಯ.

ತುಮಕೂರಿನ ನಡಿಗೆದಾರ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ನನಗೂ ಆರು ಸಲ ಡೊಸಿಟ್ಯಾಕ್ಸೆಲ್ ಆಗಿದೆ. ಕೊಟ್ಟ ಮೇಲೆ ಮೂರನೆಯ ದಿನದಿಂದ ಆರನೆಯ ದಿನದವರೆಗೆ ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಏಳಿಸುವುದೂ ತಪ್ಪು. ಎರಡನೆಯ ವಾರದಲ್ಲಿ ಬಿಳಿ ರಕ್ತಕಣ ಇಳಿದಿರುತ್ತವೆಂದು ಮನೆಯೊಳಗೇ ಓಡಾಡುತ್ತಿದ್ದೆ. ಮೂರನೆಯ ವಾರದಲ್ಲಿ ಕುರ್ಚಿಯ ವ್ಯಾಯಾಮ, ಅದೂ ಅರ್ಧದಷ್ಟು. ಜ್ವರ ಬಂದ ದಿನ ಏನೂ ಇಲ್ಲ, ನೇರ ಆಸ್ಪತ್ರೆಗೆ. ಆದರೆ ಕೀಮೋದ ಆಯಾಸ ನಿದ್ದೆಯಿಂದ ತೀರುವಂಥದಲ್ಲ. ಮೊದಲ ಎರಡು ಸುತ್ತಿನಲ್ಲಿ ಬರೀ ಮಲಗಿಯೇ ಕಳೆದೆ, ಆಯಾಸ ಹೆಚ್ಚುತ್ತಲೇ ಹೋಯಿತು. ದೊಡ್ಡಪ್ಪನವರು ಒಪ್ಪಿದ ದಿನ ಮನೆಯ ಜಗುಲಿಯಲ್ಲಿ ಹತ್ತು ನಿಮಿಷ ಜೊತೆಯಲ್ಲಿ ನಡೆಯಿರಿ. ಒಪ್ಪದ ದಿನ ಪಕ್ಕದಲ್ಲಿ ಕುಳಿತುಕೊಳ್ಳಿ.

ಪರ್ತ್ ಕನ್ನಡಿಗ

ಇಲ್ಲಿ ಒಂದು ಸಂಗತಿ ಸೇರಿಸುತ್ತೇನೆ, ಏಕೆಂದರೆ ಇದು ನಮ್ಮ ಆಸ್ಪತ್ರೆಗಳಲ್ಲಿ ಬದಲಾಗಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2014ರ ತನ್ನ ಮಾರ್ಗಸೂಚಿಯಲ್ಲೇ, ಹಾರ್ಮೋನ್ ಚಿಕಿತ್ಸೆ ಆರಂಭಿಸುವ ಪ್ರತಿಯೊಬ್ಬರಿಗೂ ವಾರಕ್ಕೆ ಎರಡು ಸಲವಾದರೂ 12 ವಾರಗಳ ಕಾಲ ತಜ್ಞರ ಮೇಲ್ವಿಚಾರಣೆಯಲ್ಲಿ ಭಾರದ ಮತ್ತು ನಡಿಗೆಯಂಥ ವ್ಯಾಯಾಮ ಒದಗಿಸಬೇಕೆಂದು ಹೇಳಿದೆ. ಆಸ್ಟ್ರೇಲಿಯಾದಲ್ಲೂ ಎಲ್ಲವೂ ಉಚಿತವಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವರ್ಷಕ್ಕೆ ಐದು ಭೇಟಿಗಳಿಗಷ್ಟೇ ನೆರವು ಕೊಡುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಒಂದು. ಅಂದರೆ ನಮ್ಮಲ್ಲಿ ಇಂಥ ಚುಚ್ಚುಮದ್ದು ಪಡೆಯುವವರು ಬೆರಳೆಣಿಕೆಯವರಲ್ಲ. ಚುಚ್ಚುಮದ್ದಿನ ಚೀಟಿಯ ಜೊತೆಗೇ ಫಿಸಿಯೋ ವಿಭಾಗಕ್ಕೆ ಒಂದು ಚೀಟಿ ಬರೆಯುವುದಕ್ಕೆ ಹೊಸ ಯಂತ್ರವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ.

ಸಾಗರದ ಮೇಷ್ಟ್ರು

ಇಂದಿಗೆ ಹದಿಮೂರು ವಾರ. ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ದಿನ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದದ್ದು 6 ಸಲ, ಅದರಲ್ಲಿ ಎರಡು ಸಲ ಕೈ ಊರಿದ್ದೆ. ನಿನ್ನೆ 11 ಸಲ, ಕೈ ಎದೆಯ ಮೇಲಿತ್ತು. ಮರಳುಚೀಲ ಅರ್ಧ ಕಿಲೋದಿಂದ ಎರಡು ಕಿಲೋಗೆ ಬಂದಿದೆ. ತೂಕ ಇಳಿದಿಲ್ಲ, ಹೊಟ್ಟೆಯ ಸುತ್ತಳತೆಯೂ ಹಾಗೇ ಇದೆ. ಬಿಸಿಯ ಅಲೆಗಳೂ ಮೊದಲಿನಂತೆಯೇ ಬರುತ್ತಿವೆ. ಪಿಎಸ್‌ಎ 0.5. ಐದನೆಯ ವಾರದಲ್ಲಿ ಪಟ್ಟಿ ಎಳೆಯುವಾಗ ಪಕ್ಕೆಲುಬಿನಲ್ಲಿ ಚುಚ್ಚಿತು; ಅಂದೇ ಬಿಟ್ಟು ವೈದ್ಯರಿಗೆ ತೋರಿಸಿದೆ, ಏನೂ ಆಗಿರಲಿಲ್ಲ, ಆದರೂ ಆ ವ್ಯಾಯಾಮವನ್ನು ಮತ್ತೆ ಆರಂಭಿಸಿಲ್ಲ. ಮಧ್ಯಾಹ್ನದ ಆಯಾಸ ಈಗಲೂ ಬರುತ್ತದೆ, ಆದರೆ ಸಂಜೆ ನಾಲ್ಕರ ಹೊತ್ತಿಗೆ ಬಿಡುತ್ತದೆ. ಸಂಜೆ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನು ಮತ್ತೆ ಶುರುಮಾಡಿದ್ದೇನೆ.

ಮನೆಯಾಕೆ ಮೊನ್ನೆ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟಳು, ಅರ್ಧ ತುಂಬಿಸಿ. ಮೊಣಕಾಲು ಮಡಿಸಿ, ಬೆನ್ನು ನೇರ ಇಟ್ಟು, ಮೈಗೆ ಒತ್ತಿ ಹಿಡಿದು ಒಲೆಯ ಕಟ್ಟೆಯವರೆಗೆ ಒಯ್ದೆ.

ನೆಲದಿಂದ ಏಳುವುದೊಂದು ಮಾತ್ರ ಇನ್ನೂ ಆಗಿಲ್ಲ. ಮುಂದಿನ ತಿಂಗಳು ಮೊಮ್ಮಗನ ಉಪನಯನವಿದೆ.

ಫಿಸಿಯೋ, ಮೈಸೂರು

ಮೇಷ್ಟ್ರೇ, ಬಹಳ ಸಂತೋಷವಾಯಿತು. ಪಟ್ಟಿಯನ್ನು ಬಿಟ್ಟದ್ದೂ ಸರಿ, ತೋರಿಸಿದ್ದೂ ಸರಿ.

ನೆಲದಿಂದ ಏಳುವುದನ್ನು ಈಗ ಕಲಿಯಬಹುದು, ಆದರೆ ಶಿವಮೊಗ್ಗದ ಫಿಸಿಯೋ ಎದುರಿನಲ್ಲಿಯೇ. ಎದುರಿಗೆ ಗಟ್ಟಿಯಾದ ಸ್ಟೂಲ್ ಇಟ್ಟುಕೊಳ್ಳಿ. ಕುಳಿತಲ್ಲಿಂದ ಸೊಂಟ ತಿರುಚದೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಎರಡೂ ಮೊಣಕಾಲಿನ ಮೇಲೆ ಬನ್ನಿ. ಕೆಳಗೆ ದಪ್ಪನೆಯ ಚಾಪೆ ಇರಲಿ. ಎರಡೂ ಕೈ ಸ್ಟೂಲಿನ ಮೇಲೆ. ಎಡ ಪಾದವನ್ನು ಮುಂದೆ ಊರಿ, ಬಲ ಮೊಣಕಾಲು ನೆಲದಲ್ಲೇ ಇರಲಿ. ಪೆಲ್ವಿಸ್‌ನ ಗಡ್ಡೆ ಬಲಗಡೆ ಇರುವುದರಿಂದ ಮೈಯ ಭಾರವನ್ನು ಎತ್ತುವ ಕೆಲಸ ಎಡಗಾಲಿನದು. ಕೈ ಒತ್ತಿ, ಉಸಿರು ಬಿಡುತ್ತಾ, ಬೆನ್ನು ಬಾಗಿಸದೆ ಮೇಲೇಳಿ. ಮೊದಲ ವಾರ ದಿನಕ್ಕೆ ಎರಡೇ ಸಲ.

ಉಪನಯನದ ದಿನ ಪಂಕ್ತಿಯ ತುದಿಯಲ್ಲಿ, ಗೋಡೆಯ ಪಕ್ಕದ ಎಲೆಗೆ ಕುಳಿತುಕೊಳ್ಳಿ, ಸ್ಟೂಲನ್ನು ಎಡಗೈಗೆ ಎಟಕುವಷ್ಟು ದೂರದಲ್ಲಿ ಇಡಿಸಿ. ಅದಕ್ಕೂ ಮೊದಲು ಬರುವ ಸ್ಕ್ಯಾನ್‌ನಲ್ಲಿ ಎಲ್-3 ಹೇಗಿದೆ ಎಂಬುದನ್ನು ಇಲ್ಲಿ ತಿಳಿಸಿ. ಅಲ್ಲಿಯವರೆಗೆ ಮರಳುಚೀಲ ಎರಡು ಕಿಲೋದಲ್ಲೇ ಇರಲಿ.